ಸಿಮೆಂಟಿಗೆ ಕೊಟ್ಟ ಕೆಸುವಿನ ಎಲೆ

ನನಗೆ ಯಾರಾದರೂ "ಅದು ನಿನ್ನ ಕೈಲಿ ಆಗೋದಲ್ಲ" ಎಂದರೆ ಮುಗಿಯಿತು. ಆಗುವ ಕೆಲಸವನ್ನಾದರೂ ನಾಳೆಗೆ ಹಾಕಿಯೇನು, ಆಗದ ಕೆಲಸಕ್ಕೆ ಸೆರಗು ಸಿಕ್ಕಿಸಿ ಆಗಲೇ ನಿಂತಿರುತ್ತೇನೆ. ಸಿಮೆಂಟಿನಲ್ಲಿ ಎಲೆ ಮಾಡುವ ಹುಚ್ಚು ಹಿಡಿದದ್ದೂ ಹೀಗೆಯೇ. ಫೋನಿನಲ್ಲಿ ಯಾವುದೋ ದೇಶದ ಹೆಂಗಸೊಬ್ಬಳು ಅಗಲವಾದ ಎಲೆಯೊಂದನ್ನು ಮರಳಿನ ಗುಡ್ಡೆಯ ಮೇಲೆ ಕವುಚಿ ಹಾಕಿ, ಅದರ ಬೆನ್ನಿಗೆ ಸಿಮೆಂಟು ಮೆತ್ತಿ, ಗಟ್ಟಿಯಾದ ಮೇಲೆ ಎತ್ತಿ ತಿರುಗಿಸಿದಳು. ಎಲೆಯನ್ನು ಸುಲಿದು ತೆಗೆದರೆ ಒಳಗೆ ಅದೇ ಎಲೆಯ ಆಕಾರದ ಬೋಗುಣಿ, ಒಂದೊಂದು ನರವೂ ಅಚ್ಚಾಗಿದೆ. ಹೂಗಿಡಗಳ ನಡುವೆ ಇಟ್ಟು ನೀರು ತುಂಬಿಸಿದರೆ ಹಕ್ಕಿ ಬಂದು ಮೀಯುತ್ತದಂತೆ. ಪಕ್ಕದಲ್ಲಿ ಕೂತು ನೋಡುತ್ತಿದ್ದ ನಮ್ಮ ಮನೆಯವರು, "ಅದೆಲ್ಲ ಗಾರೆ ಕೆಲಸದವರಿಗೆ ಸರಿ ಮಾರಾಯ್ತಿ, ನಿನ್ನ ಕೈಲಿ ಆಗೋದಲ್ಲ" ಎಂದುಬಿಟ್ಟರು. ಪಾಪ, ಇಷ್ಟು ವರ್ಷ ಸಂಸಾರ ಮಾಡಿಯೂ ಅವರಿಗೆ ಬುದ್ಧಿ ಬಂದಿಲ್ಲ.

ಕೊಪ್ಪದಲ್ಲಿ ನಮ್ಮದು ಪೇಟೆ ಮನೆ. ಮುಂದೆ ಎರಡು ಚಾಪೆ ಹಾಸುವಷ್ಟು ಅಂಗಳ, ಗೋಡೆಗೆ ಒತ್ತಿ ಇಟ್ಟ ಹೂಕುಂಡಗಳು, ಅಷ್ಟೇ. ಅಲ್ಲೇ ಶುರು ಮಾಡಿದೆ. ಮೊದಲನೆಯದು ತೇಗದ ಎಲೆ. ಅದರ ಮುಖ ಮೇಲೆ ಮಾಡಿ ಮೆತ್ತಿಬಿಟ್ಟಿದ್ದೆ. ನರ ಎದ್ದಿರುವುದು ಬೆನ್ನಲ್ಲಿ ಎನ್ನುವುದು ಆ ಹೊತ್ತಿಗೆ ಹೊಳೆಯಲೇ ಇಲ್ಲ. ಎತ್ತಿದಾಗ ಸಿಕ್ಕಿದ್ದು ಒಂದು ಸೊಟ್ಟ ತಟ್ಟೆ. ಎರಡನೆಯದು ಸಿಹಿಗುಂಬಳದ ಎಲೆ. ಅಂಚು ಚಂದ ಬರಲಿ ಎನ್ನುವ ಆಸೆಗೆ ತೀರಾ ತೆಳ್ಳಗೆ ಸವರಿದ್ದೆ. ಅದು ಹಪ್ಪಳದ ಹಾಗೆ ಸುತ್ತಲೂ ಮುರಿದು ಬಿತ್ತು. ಮೂರನೆಯದನ್ನು ತಾಳ್ಮೆ ಇಲ್ಲದೆ ಮಾರನೆಯ ದಿನವೇ ಎತ್ತಲು ಹೋಗಿ ನಡುವಿಗೇ ಎರಡು ಹೋಳು ಮಾಡಿದೆ. ಪಕ್ಕದ ಮನೆಯಾಕೆ ಕಾಂಪೌಂಡಿನ ಆಚೆಯಿಂದ ಕತ್ತು ಚಾಚಿ, "ಎಂತ ಮಾರಾಯ್ತಿ, ನಿನ್ನೆ ಒಡೆದದ್ದು ಸಾಲದೇ ಇವತ್ತೂ ಕಲಸ್ತಿದೀಯಾ?" ಎಂದು ಕೇಳಿದಳು. ನಾನು ತಲೆ ಎತ್ತದೆ ಕಲಸುತ್ತಲೇ ಇದ್ದೆ. ಬಾಯಿಗೆ ಬಂದದ್ದನ್ನು ಹೇಳಿದ್ದರೆ ಆಮೇಲೆ ಕರಿಬೇವು ಕೇಳಲು ಹೋಗುವ ಹಾಗಿರಲಿಲ್ಲ.

ಕೊನೆಗೆ ದಾರಿ ಸಿಕ್ಕಿದ್ದು ಅಡುಗೆಮನೆಯಿಂದಲೇ. ಕೆಸುವಿನ ಎಲೆಗೆ ಹಿಟ್ಟು ಸವರಿ, ಒಂದರ ಮೇಲೊಂದು ಇಟ್ಟು, ಸುತ್ತಿ ಬೇಯಿಸುವ ಪತ್ರೊಡೆಯನ್ನು ನಾನು ಬುದ್ಧಿ ಬಂದಾಗಿನಿಂದ ಮಾಡುತ್ತಿದ್ದೇನೆ. ಅದರ ಹಿಟ್ಟು ಜಾರಲೂ ಬಾರದು, ಮುದ್ದೆಯಾಗಿ ನಿಲ್ಲಲೂ ಬಾರದು. ಸಿಮೆಂಟನ್ನೂ ಜರಡಿ ಹಿಡಿದ ಮರಳನ್ನೂ ಅದೇ ಹದಕ್ಕೆ ಕಲಸಿದೆ. ನಡುವೆ ದಪ್ಪಗೆ ಇಟ್ಟು ಅಂಚಿನ ಕಡೆಗೆ ಸವರಿಕೊಂಡು ಹೋದೆ, ಮೇಲೆ ಒದ್ದೆ ಗೋಣಿ ಹೊದಿಸಿದೆ, ಕೈ ಎಷ್ಟು ತುರಿಸಿದರೂ ಮುಟ್ಟದೆ ಬಿಟ್ಟೆ. ಆ ಸಲ ಎಲೆ ಎಲೆಯಾಗಿಯೇ ಬಂತು. ನಮ್ಮ ಮನೆಯವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಊಟಕ್ಕೆ ಇದರಲ್ಲೇ ಬಡಿಸ್ತೀಯಾ ಹೆಂಗೆ?" ಎಂದರು. ಸೋತವರ ಮಾತು ಹಾಗೇ ಇರುತ್ತದೆ.

ಇಷ್ಟಕ್ಕೇ ನಿಂತಿದ್ದರೆ ಇದು ಬರೀ ಹವ್ಯಾಸದ ಕಥೆ. ಆದರೆ ಅದೇ ಬೇಸಿಗೆಯಲ್ಲಿ ಮೆಣಸೆಯ ತವರುಮನೆಯಲ್ಲಿ ಅಮ್ಮ ಬಚ್ಚಲಿನ ಮೆಟ್ಟಿಲಲ್ಲಿ ಜಾರಿ ಬಿದ್ದಳು.

ಅಮ್ಮನಿಗೆ ಎಂಬತ್ತು ದಾಟಿದೆ. ಆ ಮನೆಯಲ್ಲಿ ತಮ್ಮ, ತಮ್ಮನ ಹೆಂಡತಿ, ಅವಳು ಇರುತ್ತಾರೆ. ಹಳೆಯ ಬಚ್ಚಲು ಮನೆಯ ಹಿಂದೆ, ಮೂರು ಕಲ್ಲಿನ ಮೆಟ್ಟಿಲು ಇಳಿದ ಮೇಲೆ. ಪಾಚಿ ಕಟ್ಟಿದ ಆ ಮೆಟ್ಟಿಲಲ್ಲಿ ನಾನೇ ಎರಡು ಸಲ ಜಾರಿ ಗೋಡೆ ಹಿಡಿದಿದ್ದೇನೆ. ಅಮ್ಮನಿಗೆ ಹಿಡಿಯಲು ಗೋಡೆ ಸಿಗಲಿಲ್ಲ. ಪುಣ್ಯಕ್ಕೆ ಸೊಂಟ ಉಳಿಯಿತು, ಎಡಗೈಯ ಮಣಿಕಟ್ಟು ಮುರಿಯಿತು. ಕೊಪ್ಪದ ಡಾಕ್ಟರು ಪಟ್ಟಿ ಹಾಕುತ್ತಾ, "ಇನ್ನೊಂದು ಸಲ ಬಿದ್ರೆ ಎದ್ದು ಓಡಾಡೋದು ಕಷ್ಟ, ಹುಷಾರು" ಎಂದು ನನ್ನ ಮುಖ ನೋಡಿ ಹೇಳಿದರು. ತಮ್ಮ ಆ ವಾರವೇ ಕೆಲಸದವರನ್ನು ಕರೆಸಿ, ಅಮ್ಮ ಮಲಗುವ ಕೋಣೆಗೆ ತಾಗಿಕೊಂಡೇ ಹೊಸ ಬಚ್ಚಲು ಕಟ್ಟಿಸಿದ. ಜಾರದ ಟೈಲ್ಸು, ಗೋಡೆಗೆ ಸ್ಟೀಲಿನ ಹಿಡಿಕೆ, ಗೀಸರು, ಕೂತು ಮೀಯಲು ಒಂದು ಸ್ಟೂಲು. ಅವನು ಅಷ್ಟು ಮುತುವರ್ಜಿಯಿಂದ ಮಾಡಿದ ಕೆಲಸವನ್ನು ನಾನು ಹಿಂದೆ ನೋಡಿರಲಿಲ್ಲ.

ಅಮ್ಮ ಅದರೊಳಗೆ ಕಾಲಿಡಲಿಲ್ಲ. ಕೈಯ ಪಟ್ಟಿ ಬಿಚ್ಚಿದ ಮರುದಿನವೇ ಟವೆಲು ಹೆಗಲಿಗೆ ಹಾಕಿಕೊಂಡು ಅದೇ ಮೂರು ಮೆಟ್ಟಿಲು ಇಳಿದಳು.

ತಮ್ಮ ಫೋನು ಮಾಡಿ ಅಳುವುದೊಂದು ಬಾಕಿ. "ಅಕ್ಕ, ನಂಗಂತೂ ಸಾಕಾಗಿದೆ. ನೀನೇ ಬಂದು ಹೇಳು ಮಾರಾಯ್ತಿ." ನಾನು ಬಸ್ಸು ಹತ್ತಿ ಹೋದೆ. ಹೋದವಳು ಕಾಫಿಯನ್ನೂ ಕುಡಿಯದೆ ಜಗಳಕ್ಕೆ ನಿಂತೆ.

"ಒಳಗೆ ಅಷ್ಟು ಚಂದದ ಬಚ್ಚಲಿದೆಯಲ್ಲ ಅಮ್ಮ, ಎಂತಕ್ಕೆ ಹೊರಗೆ ಹೋಗ್ತೀಯ?"

"ನಾನು ಒಳಗೆ ಮಿಂದ್ರೆ ಕೆಸುವಿಗೆ ನೀರು ಎಲ್ಲಿಂದ ಬರ್ತದೆ?" ಎಂದಳು ಅಮ್ಮ.

ಹಳೆಯ ಬಚ್ಚಲ ನೀರು ಹೊರಗೆ ಹರಿದು ಬೀಳುವ ಜಾಗದಲ್ಲಿ ಒಂದು ಕರಿಕೆಸುವಿನ ಬುಡ ಇದೆ. ಅಮ್ಮ ಮದುವೆಯಾಗಿ ಬರುವಾಗ ಸಿರಿಮನೆಯ ತನ್ನ ತವರಿನಿಂದ ಸೆರಗಿನ ತುದಿಗೆ ಕಟ್ಟಿಕೊಂಡು ತಂದ ಗೆಡ್ಡೆ. ಬೇಸಿಗೆಯಲ್ಲಿ ಊರಿನ ಕೆಸುವೆಲ್ಲ ಒಣಗಿ ನೆಲ ಕಚ್ಚಿದರೂ ಅದು ಮಾತ್ರ ಕಪ್ಪು ದಂಟು ಎತ್ತಿ ನಿಂತಿರುತ್ತದೆ, ಎಲೆ ಮೊರದಗಲ. ಹೊಸ ಬಚ್ಚಲ ನೀರು ಮನೆಯ ಇನ್ನೊಂದು ಬದಿಗೆ ಇಳಿದು ಹೋಗುತ್ತದೆ, ಈ ಕಡೆಗೆ ತಿರುಗಿಸಲು ಇಳಿಜಾರು ಇಲ್ಲ. ತಮ್ಮನ ಹೆಂಡತಿ ತಾನೇ ದಿನಾ ಎರಡು ಕೊಡ ನೀರು ಹೊಯ್ಯುವುದಾಗಿ ಹೇಳಿದಳು. ಅಮ್ಮ ಅವಳ ಬೆನ್ನು ಸವರಿ, "ನಾಲ್ಕು ದಿನ ಹೊಯ್ತೀಯ ಮಗಾ, ಐದನೇ ದಿನ ನೆಂಟರು ಬರ್ತಾರೆ" ಎಂದಳಂತೆ. ನಾನು ಹಿಂದೆ ಒಂದು ಮರಿಗೆಡ್ಡೆ ಕೊಪ್ಪಕ್ಕೆ ಒಯ್ದು ಕುಂಡದಲ್ಲಿ ನೆಟ್ಟಿದ್ದೆ. ಬದುಕಿದೆ, ಆದರೆ ಎಲೆ ನನ್ನ ಅಂಗೈ ದಾಟುವುದಿಲ್ಲ. ಅದನ್ನೂ ಅಮ್ಮ ನೋಡಿದ್ದಳು.

"ನಾನು ಈ ಮನೆಗೆ ಬಂದ ದಿನ ನೆಟ್ಟದ್ದು. ನಾನಿರುವಾಗಲೇ ಆ ದೊಡ್ಡ ಎಲೆ ಹೋಗೋದು ನಂಗೆ ಬೇಡ" ಎಂದಳು. ಅಷ್ಟೇ. ಇನ್ನು ಮಾತಿಲ್ಲ ಎನ್ನುವ ಹಾಗೆ ಕಾಫಿ ಲೋಟ ನನ್ನ ಮುಂದೆ ತಳ್ಳಿದಳು.

ನನಗೆ ಸಿಟ್ಟು ನೆತ್ತಿಗೇರಿತು. ಒಂದು ಕೆಸುವಿಗೋಸ್ಕರ ಸೊಂಟ ಮುರಿದುಕೊಳ್ಳುತ್ತಾಳಂತೆ! ಆದರೆ ನನ್ನ ಹಟ ಎಲ್ಲಿಂದ ಬಂತು ಎನ್ನುವುದು ಗೊತ್ತಿದ್ದವಳಿಗೆ ಅವಳ ಹಟವನ್ನು ಬೈದು ಮುರಿಯಲು ಆಗುವುದಿಲ್ಲ ಎನ್ನುವುದೂ ಗೊತ್ತಿತ್ತು. ಫೋನು ತೆಗೆದು ನನ್ನ ಸಿಮೆಂಟಿನ ಎಲೆಗಳ ಫೋಟೋ ತೋರಿಸಿದೆ. "ಆ ದೊಡ್ಡ ಎಲೆ ಹೋಗದ ಹಾಗೆ ನಾನು ಮಾಡಿಕೊಡ್ತೀನಿ. ಒಣಗಲ್ಲ, ಬಾಡಲ್ಲ, ಹುಳ ತಿನ್ನಲ್ಲ. ಆಮೇಲೆ ನೀನು ಒಳಗೆ ಮೀಯಬೇಕು."

ಅಮ್ಮ ಕನ್ನಡಕ ಏರಿಸಿ ಫೋಟೋ ನೋಡಿದಳು. "ಸಿಮೆಂಟಿಂದು ಪತ್ರೊಡೆಗೆ ಬರ್ತದಾ?" ಎಂದು ಮೊದಲು ತಮಾಷೆ ಮಾಡಿದಳು. ಆಮೇಲೆ ಫೋನನ್ನು ನನ್ನ ಕೈಗೆ ಕೊಟ್ಟು, "ಇದ್ದ ಎಲೆ ಇದ್ದ ಹಾಗೇ ಬರಬೇಕು. ಒಂದು ನರ ಕಮ್ಮಿ ಆಗಬಾರದು" ಎಂದಳು.

"ಬಂದ್ರೆ?"

"ಬಂದ್ರೆ ಒಳಗೇ ಮೀಯ್ತೀನಿ. ಬರದಿದ್ರೆ ನೀವ್ಯಾರೂ ಬಾಯಿ ತೆಗೀಬಾರದು."

ತಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ. ಅಮ್ಮ ಮಾತು ಕೊಟ್ಟರೆ ತಪ್ಪುವವಳಲ್ಲ, ಅದು ಇಬ್ಬರಿಗೂ ಗೊತ್ತು. ನಾನು ಸೋತರೂ ಅವಳು ಅದೇ ಮಾತಿಗೆ ನಿಲ್ಲುತ್ತಾಳೆ ಎನ್ನುವುದೂ ಗೊತ್ತು.

ಆಗ ಬುಡದಲ್ಲಿ ನಾಲ್ಕೈದು ಎಲೆ ಇದ್ದವು. ಅದರಲ್ಲಿ ದೊಡ್ಡದು ಒಂದೇ, ಇನ್ನೂ ಪೂರ್ತಿ ಬಿಡಿಸಿಕೊಂಡಿರಲಿಲ್ಲ. ಉಳಿದವೆಲ್ಲ ಚಿಕ್ಕವು, ಅಲ್ಲಲ್ಲಿ ಹುಳ ತಿಂದವು. ಮಳೆ ಹಿಡಿಯುವುದರೊಳಗೆ ಹಳೆಯ ಬಚ್ಚಲು ಕೆಡವಿಸಬೇಕು ಎಂದು ತಮ್ಮ ಕಾದಿದ್ದ. ಹಾಗಾಗಿ ನನಗಿದ್ದದ್ದು ಆ ಒಂದು ಎಲೆ ಮಾತ್ರ. ತಮ್ಮ ದಿನಾ ಅದರ ಫೋಟೋ ಕಳಿಸುತ್ತಿದ್ದ. ಎಲೆ ಬಲಿತು ಅಂಚು ಕೆಳಗೆ ಬಾಗಿದ ಫೋಟೋ ಬಂದ ಸಂಜೆಯೇ ನಾನು ಮೆಣಸೆಗೆ ಹೊರಟೆ.

ಬೆಳಿಗ್ಗೆ ಬಿಸಿಲು ಏರುವ ಮೊದಲು ಎಲೆ ಕೊಯ್ದೆ. ಕೆಸುವಿನ ಎಲೆ ಕೊಯ್ದ ಸ್ವಲ್ಪ ಹೊತ್ತಿಗೇ ಜೋಲುತ್ತದೆ, ತಡ ಮಾಡುವ ಹಾಗಿಲ್ಲ. ಜಗಲಿಯ ಮೇಲೆ ಒದ್ದೆ ಗೋಣಿ ಹಾಸಿ, ಎಲೆಯನ್ನು ಮಕಾಡೆ ಮಲಗಿಸಿ, ದಂಟು ಕೊಯ್ದ ಚೂರಿಯನ್ನು ಪಕ್ಕದಲ್ಲೇ ಇಟ್ಟೆ. ಬೆನ್ನಿನ ನರಗಳು ನೋಡುವ ಹಾಗಿದ್ದವು. ನಡುವಿನದು ನನ್ನ ಹೆಬ್ಬೆರಳಿನಷ್ಟು ದಪ್ಪ, ಬುಡದಿಂದ ತುದಿಯವರೆಗೆ. ಇದಕ್ಕೆ ಇಲ್ಲ ಎನ್ನುವ ಧೈರ್ಯ ಅಮ್ಮನಿಗೂ ಬರಲಿಕ್ಕಿಲ್ಲ ಎಂದುಕೊಂಡೆ. ಬಚ್ಚಲು ಕಟ್ಟಿ ಉಳಿದ ಮರಳು ಅಂಗಳದ ಮೂಲೆಯಲ್ಲಿತ್ತು, ಜರಡಿ ಹಿಡಿಯಲು ಹೋದೆ.

ತಿರುಗಿ ಬರುವಾಗ ಅಮ್ಮ ಜಗಲಿಯಲ್ಲಿ ಕಾಲು ಚಾಚಿ ಕೂತಿದ್ದಳು. ಎಲೆ ಅವಳ ತೊಡೆಯ ಮೇಲಿತ್ತು. ಕೈಯಲ್ಲಿ ಚೂರಿ.

ಪತ್ರೊಡೆ ಮಾಡಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎಲೆ ಸುತ್ತುವಾಗ ಮುರಿಯಬಾರದು ಎಂದು ಹಿಟ್ಟು ಸವರುವ ಮೊದಲು ಬೆನ್ನಿನ ದಪ್ಪ ನರವನ್ನು ಚೂರಿಯಿಂದ ಕೆತ್ತಿ ಸಪಾಟು ಮಾಡುತ್ತಾರೆ. ಮಕಾಡೆ ಮಲಗಿದ ಕೆಸುವಿನ ಎಲೆ, ಪಕ್ಕದಲ್ಲಿ ಚೂರಿ; ಅರವತ್ತು ವರ್ಷ ಆ ಕೆಲಸ ಮಾಡಿದ ಕೈ ಸುಮ್ಮನೆ ಕೂರುವುದುಂಟೇ?

"ಅಮ್ಮಾ!" ಎಂದು ಕೂಗಿದೆ. ಜರಡಿ ಕೈಯಿಂದ ಬಿತ್ತು. ಗದ್ದೆಯ ಆಚೆಯ ಮನೆಯ ನಾಯಿ ಬೊಗಳಿತು ಎಂದರೆ ನನ್ನ ಗಂಟಲು ಎಷ್ಟಿತ್ತು ಎಂದು ತಿಳಿದುಕೊಳ್ಳಬಹುದು.

ಅಮ್ಮನ ಕೈ ಅಲ್ಲೇ ನಿಂತಿತು. ನಡುವಿನ ನರ ಬುಡದಿಂದ ಅರ್ಧದವರೆಗೆ ಹೋಗಿತ್ತು. ಅವಳ ಪಕ್ಕದಲ್ಲಿ ಹಸಿರು ಸಿಪ್ಪೆಯ ಸುರುಳಿಗಳು ಬಿದ್ದಿದ್ದವು.

"ಬೇಕಂತಲೇ ಮಾಡಿದ್ಯಾ? ಹೇಳಿಬಿಡು, ಬೇಕಂತಲೇ ತಾನೆ? ಒಳಗೆ ಮೀಯೋದು ತಪ್ಪಲಿ ಅಂತ!" ನಾನು ಹೇಳಬಾರದ್ದನ್ನೂ ಹೇಳಿದೆ. ನಿನ್ನ ಹಟಕ್ಕೆ ನಾವೆಲ್ಲ ಸಾಯಬೇಕು ಎಂದೆ.

ಅಮ್ಮ ಚೂರಿಯನ್ನೂ ಎಲೆಯನ್ನೂ ನೋಡಿದಳು, ಅವೆರಡೂ ಅಲ್ಲಿಗೆ ಹೇಗೆ ಬಂದವು ಎಂದು ಕೇಳುವ ಹಾಗೆ. "ಇಲ್ವೇ ಮಾರಾಯ್ತಿ. ಎಂತ ಮಾಡ್ತಿದೀನಿ ಅಂತ ನಂಗೇ ಗೊತ್ತಾಗಲಿಲ್ಲ" ಎಂದಳು. ಮೆಲ್ಲಗೆ ಹೇಳಿದಳು. ಅವಳು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಎಲೆಯನ್ನು ಗೋಣಿಯ ಮೇಲೆ ಮೊದಲಿದ್ದ ಹಾಗೇ ಇಟ್ಟು, ಗೋಡೆ ಹಿಡಿದು ಎದ್ದು ಒಳಗೆ ಹೋದಳು.

ತಮ್ಮ ಬಂದು ನೋಡಿ ತಲೆ ಕೆರೆದುಕೊಂಡ. "ಬಿಡಕ್ಕ. ಇನ್ನು ಇದು ಪತ್ರೊಡೆಗೇ ಸರಿ. ಮುಂದಿನ ಎಲೆ ಬರೋವರೆಗೆ ಕಾಯೋಣ."

"ಮಳೆ ಕಾಯ್ತದಾ? ಆ ಮೆಟ್ಟಿಲು ಕಾಯ್ತದಾ?" ಎಂದೆ. ಅಳು ಬರುತ್ತಿತ್ತು, ಅದನ್ನೂ ಸಿಟ್ಟಿನಲ್ಲೇ ನುಂಗಿದೆ. ಎಲೆ ಆಗಲೇ ಅಂಚಿನಲ್ಲಿ ಮೆತ್ತಗಾಗತೊಡಗಿತ್ತು. ನಿಂತು ಯೋಚನೆ ಮಾಡಿದರೆ ಅರ್ಧ ಎಲೆಯೂ ಉಳಿಯುವುದಿಲ್ಲ. ಸೋಲುವುದಾದರೆ ಕೆಲಸ ಮುಗಿಸಿಯೇ ಸೋಲುತ್ತೇನೆ, ಸಿಮೆಂಟು ಚೀಲ ಬಿಚ್ಚದೆ ಅಲ್ಲ. "ಮರಳು ಗುಡ್ಡೆ ಮಾಡು" ಎಂದು ತಮ್ಮನಿಗೆ ಹೇಳಿ ಬಾಂಡ್ಲಿಯಲ್ಲಿ ಕಲಸಲು ಕೂತೆ.

ಮರಳನ್ನು ಬೋರಲು ಹಾಕಿದ ಬೋಗುಣಿಯ ಆಕಾರಕ್ಕೆ ತಟ್ಟಿ, ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ, ಎಲೆಯನ್ನು ಬೆನ್ನು ಮೇಲಾಗಿ ಕೂರಿಸಿದೆವು. ಸಿಟ್ಟಿನ ಕೈಗೆ ನೀರಿನ ಅಂದಾಜು ತಪ್ಪಿತ್ತು. ಮೊದಲ ಹಿಡಿ ಮೆತ್ತಿದ್ದು ಅಂಚಿನಿಂದ ಜಾರಿ ಮರಳಿಗೆ ಬಿತ್ತು. ಇನ್ನೊಂದು ಹಿಡಿ, ಅದೂ ಜಾರಿತು. ಬೆನ್ನ ಹಿಂದಿನಿಂದ, "ನೀರಾಯ್ತು" ಎನ್ನುವ ದನಿ ಕೇಳಿತು. ಅಮ್ಮ ಬಾಗಿಲಲ್ಲಿ ನಿಂತಿದ್ದಳು. ನಾನು ತಿರುಗಿ ನೋಡಲಿಲ್ಲ, ಆದರೆ ಇನ್ನೊಂದಿಷ್ಟು ಸಿಮೆಂಟೂ ಮರಳೂ ಸೇರಿಸಿದೆ. "ಈಗ ನಿಲ್ತದೆ" ಎಂದಳು. ನಿಂತಿತು. ಅವಳು ಹೊಸಿಲು ದಾಟಲಿಲ್ಲ, ನಾನೂ ಕರೆಯಲಿಲ್ಲ. ನಡುವಿನಲ್ಲಿ ಎರಡು ಬೆರಳು ದಪ್ಪ, ಅಂಚಿನಲ್ಲಿ ಒಂದು ಬೆರಳು. ಕೆತ್ತಿದ ಜಾಗವನ್ನು ಮೆತ್ತುವಾಗ ಮಾತ್ರ ನಾನು ಬೇರೆ ಕಡೆ ನೋಡಿದೆ.

ಒದ್ದೆ ಗೋಣಿ ಹೊದಿಸಿ, ಯಾರೂ ಮುಟ್ಟಬಾರದು ಎಂದು ತಮ್ಮನ ಹೆಂಡತಿಗೆ ಹೇಳಿ, ಮಧ್ಯಾಹ್ನದ ಬಸ್ಸಿಗೆ ಕೊಪ್ಪಕ್ಕೆ ಬಂದೆ. ಅಮ್ಮನಿಗೆ ಹೋಗಿ ಬರುತ್ತೇನೆ ಎಂದೆ, ಅವಳು ಹೂಂ ಎಂದಳು, ಅಷ್ಟೇ ಮಾತು.

ಆ ವಾರ ನಾನು ದಿನಾ ತಮ್ಮನಿಗೆ ಫೋನು ಮಾಡಿದೆ. "ಗೋಣಿ ಒಣಗಿಸಬೇಡಿ" ಎಂದರೆ ಅವನು, "ನಮಗೆಲ್ಲಿ ಬಿಡ್ತಾಳೆ ಅಕ್ಕ? ಬೆಳಿಗ್ಗೆ ಸಂಜೆ ಅಮ್ಮನೇ ಚೊಂಬಲ್ಲಿ ನೀರು ಚಿಮುಕಿಸ್ತಾಳೆ" ಎಂದ. ಮೀಯುವುದು ಎಲ್ಲಿ ಎಂದು ಕೇಳಿದೆ. "ಹೊರಗೇ. ಮಾತು ಮಾತೇ ಅಂತೆ" ಎಂದ. ಅವಳು ಮೆಟ್ಟಿಲು ಇಳಿಯುವಾಗ ತಾನು ಏನೋ ಹುಡುಕುವ ನೆಪದಲ್ಲಿ ಹಿಂದೆಯೇ ಇರುತ್ತೇನೆ ಎಂದೂ ಹೇಳಿದ. ಆ ವಾರ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಮುಂದಿನ ವಾರ ಹೋದೆ. ತಮ್ಮನೂ ನಾನೂ ಸೇರಿ ಎತ್ತಿದೆವು, ಭಾರಕ್ಕೆ ಅವನ ಮುಖ ಕೆಂಪಾಯಿತು. ಜಗಲಿಯ ಮೇಲೆ ಅಂಗಾತ ಇಟ್ಟೆವು. ಎಲ್ಲೂ ಬಿರುಕಿಲ್ಲ, ಅಂಚಿನ ಒಂದು ಸುಕ್ಕೂ ತಪ್ಪಿಲ್ಲ. ಒಣಗಿ ಕಪ್ಪಾಗಿ ಅಂಟಿದ್ದ ಎಲೆಯನ್ನು ಕಿತ್ತೆ, ಉಳಿದ ಚೂರುಗಳನ್ನು ಹಳೆಯ ಬ್ರಷ್ಷಿನಿಂದ ಉಜ್ಜಿದೆ. ನನ್ನ ಕೈಯಿಂದ ಅಷ್ಟು ದೊಡ್ಡದು, ಅಷ್ಟು ಚಂದದ್ದು ಯಾವತ್ತೂ ಬಂದಿರಲಿಲ್ಲ. ಪಕ್ಕದ ಸಣ್ಣ ನರಗಳೆಲ್ಲ ಎಣಿಸುವ ಹಾಗೆ ಮೂಡಿದ್ದವು. ನಡುವಿನದು ಮಾತ್ರ ತುದಿಯಿಂದ ಆಳವಾದ ಗೆರೆಯಾಗಿ ಬಂದು, ಅರ್ಧದಲ್ಲಿ ತಟ್ಟನೆ ಇಲ್ಲವಾಗಿತ್ತು. ಅಲ್ಲಿಂದ ಬುಡದವರೆಗೆ ಬರೀ ಸಪಾಟು ಪಟ್ಟಿ. ಒಂದು ನರ ಕಮ್ಮಿ ಆಗಬಾರದು ಎಂದಿದ್ದಳು. ಇಲ್ಲಿ ಕಮ್ಮಿಯಾದದ್ದು ಎಲ್ಲಕ್ಕಿಂತ ದೊಡ್ಡದು.

ಅಮ್ಮ ಚೊಂಬು ಹಿಡಿದು ಬಂದು ಪಕ್ಕದಲ್ಲಿ ಕೂತಳು. ಕನ್ನಡಕ ಏರಿಸಿದಳು. ಚೊಂಬಿನ ನೀರನ್ನು ಮೆಲ್ಲಗೆ ಎಲೆಗೆ ಹೊಯ್ದಳು. ನೀರು ಸಣ್ಣ ನರಗಳಲ್ಲಿ ಇಳಿದು ನಡುವಿಗೆ ಬಂದು ನಿಂತಿತು. ತಮ್ಮನೂ ನಾನೂ ನಿಂತು ನೋಡುತ್ತಿದ್ದೆವು. ನಾನು ಮನಸ್ಸಿನಲ್ಲೇ ಮುಂದಿನ ಎಲೆಯ ಲೆಕ್ಕ ಹಾಕುತ್ತಿದ್ದೆ. ಇವಳು ಇಲ್ಲ ಎನ್ನಲಿ, ಬಚ್ಚಲ ಮೆಟ್ಟಿಲಿಗೇ ಚಾಪೆ ಹಾಕಿ ಮಲಗುತ್ತೇನೆ, ಬಿಡುವವಳಲ್ಲ.

"ಇದ್ದ ಎಲೆ ಇದ್ದ ಹಾಗೇ ಬಂದಿದೆ" ಎಂದಳು ಅಮ್ಮ.

"ಎಲ್ಲಿ ಬಂತು? ನಡುವಿನ ನರವೇ ಇಲ್ಲ" ಎಂದೆ. ಗೆಲ್ಲುವ ಹೊತ್ತಿಗೂ ಬಾಯಿ ಮುಚ್ಚಿಕೊಂಡಿರಲು ನನಗೆ ಬರುವುದಿಲ್ಲ.

ಅಮ್ಮ ನನ್ನ ಕೈ ಹಿಡಿದು ಎಳೆದು ಕೂರಿಸಿದಳು. ನನ್ನ ಹೆಬ್ಬೆರಳನ್ನು ನೀರೊಳಗೆ ಆ ಸಪಾಟು ಪಟ್ಟಿಯ ಮೇಲೆ ಇಟ್ಟು ಮೆಲ್ಲಗೆ ಜಾರಿಸಿದಳು. ಸಪಾಟಲ್ಲ. ಬೆರಳಿಗೆ ಸಣ್ಣ ಸಣ್ಣ ಮೆಟ್ಟಿಲು ಸಿಕ್ಕಿದವು, ಒಂದಾದ ಮೇಲೆ ಒಂದು, ಒಂದೇ ಅಳತೆಯವು. ಚೂರಿ ಒಂದೊಂದು ಸಲ ಇಳಿದು ಎದ್ದ ಗುರುತು.

"ಇದೆಲ್ಲ ನಾನು ಕೆತ್ತಿದ್ದು" ಎಂದಳು. ಬೆರಳು ಮುಂದೆ ಹೋಯಿತು, ಪಟ್ಟಿ ಮುಗಿಯುವಲ್ಲಿ ಎಡಕ್ಕೆ ಹಾರಿದ ಒಂದು ಓರೆ ಗೆರೆ ತಾಗಿತು, ಅಲ್ಲಿಂದ ಮುಂದೆ ಬೆರಳು ಆಳಕ್ಕೆ ಬಿತ್ತು. ಅಮ್ಮ ಅಲ್ಲಿ ನಿಲ್ಲಿಸಿದಳು.

"ಇಲ್ಲಿ ನೀನು ಕೂಗಿದ್ದು" ಎಂದಳು.

ನಾನು ತಡೆಯಲಾಗದೆ ಅತ್ತುಬಿಟ್ಟೆ. ಅವಳು ಅಳಲಿಲ್ಲ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು, ಒಳಗೆ ನೋಡಿ ಸೊಸೆಯನ್ನು ಕರೆದು, ತನ್ನ ಟವೆಲನ್ನು ಹೊಸ ಬಚ್ಚಲಲ್ಲಿ ಹಾಕಲು ಹೇಳಿದಳು.